ರೊಟ್ಟಿ ಹಬ್ಬದ ದಿನ ಚಾರ್ಟಿನಲ್ಲಿ ಇರಲಿಲ್ಲ

ಕಿಣ್, ಕಿಣ್, ಕಿಣ್. ಆ ವರ್ಷದ ಶ್ರಾವಣವನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಇದೇ, ನನ್ನ ಗೆಳತಿಯ ಬಂಗಾರದ ಬಳೆಗಳು ಲ್ಯಾಪ್‌ಟಾಪಿನ ಅಂಚಿಗೆ ಬಡಿಯುವ ಸದ್ದು. ಟೈಪ್ ಮಾಡುವಾಗ ಬಳೆಗಳನ್ನು ಮೊಣಕೈ ಕಡೆ ಸರಿಸಿಕೊಳ್ಳಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಸರಿಸಿಕೊಳ್ಳುತ್ತಿರಲಿಲ್ಲ, ಅಷ್ಟೇ. ಬೆಟಗೇರಿಯ ನಮ್ಮ ಸಂಘದ ಆಫೀಸಿನಲ್ಲಿ ಆ ಸದ್ದು ಶುರುವಾದರೆ ಸಾಕು, ಒಳಗೆ ಪಾಕೀಟು ಕಟ್ಟುತ್ತಿದ್ದ ಹೆಂಗಸರು, 'ಕಂಪ್ಯೂಟರ್ ಬಾಯಾರು ಕುಂತಾರ, ಸುಮ್ಕಿರ್ರಿ' ಎಂದು ಒಬ್ಬರಿಗೊಬ್ಬರು ಕಣ್ಣು ಹೊಡೆದು ದನಿ ತಗ್ಗಿಸುತ್ತಿದ್ದರು. ಅದೇ ಕೋಣೆಯಲ್ಲಿ ಅದೆಷ್ಟೋ ವರ್ಷ ಕೂತು ರಿಪೋರ್ಟ್ ಬರೆದವಳು ನಾನು. ನನ್ನ ಪೆನ್ನಿಗಾಗಿ ಯಾರೂ ದನಿ ತಗ್ಗಿಸಿರಲಿಲ್ಲ. ತಲೆ ಮೇಲೆಯೇ ಶೇಂಗಾ ಹೊಟ್ಟು ತೂರುತ್ತಿದ್ದರು.

ನಮ್ಮದು ಖಡಕ್ ರೊಟ್ಟಿ ಮತ್ತು ಚಟ್ನಿಪುಡಿ ಮಾಡಿ ಮಾರುವ ಹೆಂಗಸರ ಸಂಘ. ಆಫೀಸು ಬೆಟಗೇರಿಯಲ್ಲಿ, ಅಡುಗೆಮನೆಗಳು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದ ಮೇಲೆ ನಾನು ಅದರ ಸೆಕ್ರೆಟರಿ ಆಗಿದ್ದೆ. ಮೂರು ಅಡುಗೆಮನೆಗಳಲ್ಲಿ ಶಿರಹಟ್ಟಿಯದು ನನ್ನದು ಎಂದೇ ಅಂದುಕೊಂಡಿದ್ದೆ. ಆ ಬಾಡಿಗೆ ಮನೆ ಹುಡುಕಿದವಳು ನಾನು, ಹೊಗೆ ಹೋಗಲೆಂದು ಮನೆಯ ಮಾಲಕನ ಕಾಲು ಹಿಡಿದು ಗೋಡೆ ಒಡೆಸಿದವಳು ನಾನು, 'ಮಂದಿ ಮನ್ಯಾಗ ರೊಟ್ಟಿ ಬಡಿಯಾಕ ಕಳಸೂದಿಲ್ಲ' ಎಂದ ಗಂಡಂದಿರ ಜೊತೆ ಜಗಳ ಆಡಿ ಹೆಂಗಸರನ್ನು ಕರೆತಂದವಳು ನಾನು.

ಗೆಳತಿ ಮತ್ತು ನಾನು ಕಾನ್ವೆಂಟಿನಲ್ಲಿ ಒಂದೇ ಬೆಂಚು. ನೀಡಲ್‌ವರ್ಕ್ ಕ್ಲಾಸಿನಲ್ಲಿ ಸಿಸ್ಟರ್ ಅವಳ ಕರ್ಚೀಫು ಎತ್ತಿ ತೋರಿಸಿ 'ವೆರಿ ನೀಟ್' ಎನ್ನುತ್ತಿದ್ದರು. ನನ್ನದನ್ನು ತಿರುಗಿಸಿ ಹಿಂಬದಿ ನೋಡಿ, 'ಚೈಲ್ಡ್, ಇಷ್ಟೊಂದು ಗಂಟು ಯಾಕೆ?' ಎನ್ನುತ್ತಿದ್ದರು. ಆಮೇಲೆ ಅವಳು ಪುಣೆ ಸೇರಿದಳು, ಒಂದು ಕಂಪನಿಯಲ್ಲಿ ರಿಪೋರ್ಟು, ಚಾರ್ಟು ಮಾಡುವ ಕೆಲಸದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡಳು. ವಯಸ್ಸಾದ ಮೇಲೆ ಗದಗಿಗೆ ಬಂದು ತನ್ನ ತವರಿನ ಮಹಡಿ ಮನೆಯಲ್ಲಿ ಉಳಿದಳು. ಬಂದವಳನ್ನು ಸಂಘಕ್ಕೆ ಕರೆದುಕೊಂಡು ಹೋಗಿ ಪರಿಚಯಿಸಿದವಳೂ ನಾನೇ. ದೇವರು ನನ್ನ ಕೈಯಿಂದಲೇ ಮಾಡಿಸುತ್ತಾನೆ ಇಂಥವನ್ನೆಲ್ಲ.

ಪ್ರತಿ ತಿಂಗಳ ಮೀಟಿಂಗಿನಲ್ಲಿ ನಾನು ಕರ್ಸಿವ್ ಅಕ್ಷರದಲ್ಲಿ ಬರೆದ ರಿಪೋರ್ಟ್ ಓದುತ್ತಿದ್ದೆ. ಅರ್ಧ ಜನ ತೂಕಡಿಸುತ್ತಿದ್ದರು, ಇನ್ನರ್ಧ ಜನ ಸೊಸೆಯರ ಸುದ್ದಿ ಹಂಚಿಕೊಳ್ಳುತ್ತಿದ್ದರು. ಅವಳು ಬಂದು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಡ್ಯಾಶ್‌ಬೋರ್ಡ್, ಅಂದರೆ ಲೆಕ್ಕದ ಚಿತ್ರ, ಬಿಟ್ಟಳು. ಲಕ್ಷ್ಮೇಶ್ವರಕ್ಕೆ ಹಸಿರು ಬಾರ್, ಮುಂಡರಗಿಗೆ ಕಿತ್ತಳೆ, ಶಿರಹಟ್ಟಿಗೆ ನೀಲಿ. ಯಾವ ಅಡುಗೆಮನೆಯಿಂದ ಎಷ್ಟು ರೊಟ್ಟಿ ಹೊರಗೆ ಹೋಯಿತೋ ಅಷ್ಟು ಎತ್ತರ. ಪಾಕೀಟು ಹೊರಡುವಾಗ ಆಯಾ ಅಡುಗೆಮನೆಯವರು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕಾಗಿತ್ತು, ದಿನ ವೇಳೆ ಎಲ್ಲ ಅದೇ ಹಾಕಿಕೊಳ್ಳುತ್ತಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. ನಮ್ಮ ಅಧ್ಯಕ್ಷರು, ವ್ಯಾಪಾರಸ್ಥರ ಮನೆತನದ ದೊಡ್ಡ ಹೆಣ್ಣುಮಗಳು, ಎಂದೂ ಯಾರನ್ನೂ ಹೊಗಳದವರು, 'ಈಗ ನೋಡ್ರಿ, ಕಣ್ಣಿಗೆ ಕಾಣ್ತೈತಿ' ಎಂದರು. ಹಾಗಾದರೆ ನಾನು ಇಷ್ಟು ವರ್ಷ ಓದಿದ್ದು ಕುರುಡರ ಮುಂದೆಯೇ?

ಎನ್ವಿ ಬೇರೆ, ಜೆಲಸಿ ಬೇರೆ ಎಂದು ಸಿಸ್ಟರ್ ನಮಗೆ ಹೇಳಿಕೊಟ್ಟಿದ್ದರು. ಇನ್ನೊಬ್ಬರ ಹತ್ತಿರ ಇರುವುದು ಬೇಕು ಅನ್ನಿಸಿದರೆ ಎನ್ವಿ. ನಮ್ಮ ಹತ್ತಿರ ಇರುವುದನ್ನು ಇನ್ನೊಬ್ಬರು ಒಯ್ದಾರು ಎಂದು ಹೊಟ್ಟೆ ಉರಿದರೆ ಜೆಲಸಿ. ನನ್ನದು ಎರಡನೆಯದು. ಕನ್ನಡದಲ್ಲಿ ಎರಡಕ್ಕೂ ಹೊಟ್ಟೆಕಿಚ್ಚು ಎಂದರೆ ಮುಗಿಯಿತು, ಉರಿಯುವುದು ಒಂದೇ ಜಾಗ ತಾನೇ.

ನಾಗರ ಪಂಚಮಿಯ ದಿನ ನಮ್ಮ ಕಡೆ ಒಲೆಯ ಮೇಲೆ ಹಂಚು ಇಡುವುದಿಲ್ಲ. ಅದಕ್ಕೇ ಅದರ ಮುಂಚೆ ರೊಟ್ಟಿ ಹಬ್ಬ. ಜೋಳದ್ದು, ಸಜ್ಜೆಯದು, ಎಳ್ಳು ಹಚ್ಚಿದ್ದು ಎಂದು ರಾಶಿ ರೊಟ್ಟಿ ಮಾಡಿ, ಪಲ್ಯ ಚಟ್ನಿ ಜೊತೆ ಓಣಿಯ ಮನೆಮನೆಗೆ ಬೀರುತ್ತಾರೆ. ಈಗ ಬಹಳ ಮನೆಗಳಲ್ಲಿ ತಟ್ಟುವವರಿಲ್ಲ, ನಮ್ಮಿಂದ ಕೊಳ್ಳುತ್ತಾರೆ. ಸಂಘಕ್ಕೆ ವರ್ಷದ ದೊಡ್ಡ ಹಂಗಾಮು ಅದೇ. ಆ ವರ್ಷ ಹಬ್ಬ ಮುಗಿದ ಮೇಲೆ ಮೀಟಿಂಗಿನಲ್ಲಿ ಗೆಳತಿ ಪಂಚಮಿ ಹಂಗಾಮಿನ ಚಾರ್ಟ್ ತೋರಿಸಿದಳು. ಆಷಾಢದಿಂದ ರೊಟ್ಟಿ ಹಬ್ಬದ ದಿನದವರೆಗಿನ ಲೆಕ್ಕ. ಹಸಿರು ಬಾರ್ ನಿಂತಿತ್ತು, ಕಿತ್ತಳೆ ಬಾರ್ ಅದಕ್ಕಿಂತ ಎತ್ತರಕ್ಕೆ ನಿಂತಿತ್ತು. ನೀಲಿ ಮಾತ್ರ ಊದಿನಕಡ್ಡಿಯನ್ನು ಅಡ್ಡ ಮಲಗಿಸಿದ ಹಾಗೆ ತಳದಲ್ಲಿ ಬಿದ್ದಿತ್ತು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. 'ಹಬ್ಬದ ಹಂಗಾಮಿನ್ಯಾಗ ಇಷ್ಟ ಅಂದ್ರ ಮುಂದ ಏನೈತಿ? ಆರಿದ ಒಲಿಗೆ ಯಾಕ ಕಟಗಿ ಒಟ್ಟೂದು? ಶಿರಹಟ್ಟಿ ಮನಿ ಬಿಡೂಣು. ಹಂಚು, ಪರಾತ ಎಲ್ಲಾ ಮುಂಡರಗಿಗೆ ಕಳಸೂಣು.'

'ಅವರು ಕೆಲಸ ಮಾಡ್ಯಾರ್ರಿ,' ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

'ಮಾಡಿದ್ರ ಚಾರ್ಟಿನ್ಯಾಗ ಕಾಣಬೇಕಲ್ಲ?'

ನಾನು ಗೆಳತಿಯ ಮುಖ ನೋಡಿದೆ. ಅವಳು ಪರದೆಯ ಕಡೆಗೇ ನೋಡುತ್ತ, 'ಬಂದ ಡೇಟಾ ತೋರಿಸೇತ್ರಿ' ಎಂದಳು. ಮುಂದಿನ ಸೋಮವಾರ ತೀರ್ಮಾನ ಎಂದಾಯಿತು. ಗಂಟು ಯಾಕೆ, ಚೈಲ್ಡ್, ಎಂದು ಯಾರೋ ನನ್ನ ಕರ್ಚೀಫನ್ನು ಮತ್ತೆ ತಿರುಗಿಸಿ ಹಿಡಿದ ಹಾಗಾಯಿತು. ಅವಳು ಬೇಕೆಂದೇ ಮಾಡಿದ್ದಾಳೆ ಎಂದು ನಾನು ಆ ಕ್ಷಣ ನಂಬಿದೆ. ಮೂರು ಬಣ್ಣದಲ್ಲಿ ನನ್ನದನ್ನೇ ಆರಿಸಿ ಮಲಗಿಸಿದ್ದಾಳೆ ಎಂದು.

ಮನೆಗೆ ಹೋದವಳೇ ಶಿರಹಟ್ಟಿಗೆ ಫೋನ್ ಮಾಡಿದೆ. ಅಲ್ಲಿನ ಹೆಂಗಸರಿಗೆಲ್ಲ ಹಿರಿಯಳಾದ ಒಬ್ಬ ಮುದುಕಿ ಇದ್ದಳು, ನನಗಿಂತ ಎರಡು ಮೂರು ವರ್ಷ ದೊಡ್ಡವಳು, ನಾಲಿಗೆ ಮಾತ್ರ ಹದಿನಾರರದು. 'ಹಬ್ಬಕ್ಕ ರೊಟ್ಟಿ ಕಳಿಸಿದ್ರಿಲ್ಲೋ?' ಎಂದು ಕೇಳಿದೆ.

'ಕಳಿಸಿದ್ರಿಲ್ಲೋ ಅಂತಾರ ನೋಡವಾ! ನನ್ನ ಮಣಿಕಟ್ಟಿಗೆ ಇನ್ನೂ ಅರಿಷಿಣ ಹಚ್ಚೀನ್ರಿ ಅಕ್ಕಾರ. ಬೇಕಾದ್ರ ಬಂದು ವಾಸನಿ ನೋಡ್ರಿ.'

'ಮೊಬೈಲ್ ಒತ್ತಿದ್ರೇನು?'

'ಒತ್ತೀವ್ರಿ. ರೊಟ್ಟಿ ಹಬ್ಬದ ದಿನ ಮುಂಜಾನಿಂದ ಒತ್ತಿ ಒತ್ತಿ ಅದರ ಗಾಜ ಎಲ್ಲಾ ಹಿಟ್ಟಾಗಿತ್ತು.'

ಉಳಿದ ಎರಡು ಅಡುಗೆಮನೆಗಳು ಪಾಕೀಟುಗಳನ್ನು ಮೊದಲೇ ಕಳಿಸಿಬಿಡುತ್ತಿದ್ದವು, ಖಡಕ್ ರೊಟ್ಟಿ ಕೆಡುವುದಿಲ್ಲವಲ್ಲ. ಶಿರಹಟ್ಟಿಯವರದು ಮಾತ್ರ ಹಟ. ಹಬ್ಬದ ರೊಟ್ಟಿಯನ್ನು ಹಬ್ಬದ ದಿನವೇ ತಟ್ಟಬೇಕು. 'ಹಿಂದಿನ ದಿನದ್ದು ಬೀರಿದ್ರ ಅದು ರೊಟ್ಟಿ ಹಬ್ಬ ಅಲ್ರಿ, ತಂಗಳ ಹಬ್ಬ' ಎಂದು ಮುದುಕಿ ನನಗೆ ಹಿಂದೆಯೇ ಹೇಳಿದ್ದಳು. ಎದ್ದು ಮಿಂದು, ಬೆಳಕು ಹರಿಯುವ ಹೊತ್ತಿಗೆ ಹಂಚು ಇಟ್ಟು, ಅಂದೇ ತಟ್ಟಿ ಅಂದೇ ಕಳಿಸುತ್ತಿದ್ದರು. ಕೊಳ್ಳುವವರೂ ಅದಕ್ಕಾಗಿಯೇ ಕಾಯುತ್ತಿದ್ದರು.

ಮರುದಿನ ಆಫೀಸಿಗೆ ಹೋದೆ. ಬಳೆಯ ಸದ್ದು ಬಾಗಿಲಿಗೇ ಕೇಳಿಸಿತು.

'ಲೇ, ನಿನ್ನ ಚಾರ್ಟ್ ನನ್ನ ಶಿರಹಟ್ಟಿ ನುಂಗೇತಿ.'

'ನಿನ್ನ ಶಿರಹಟ್ಟಿ? ಇಡೀ ತಾಲೂಕ ನಿನ್ನ ಹೆಸರಿಗೆ ಬರದಾರೇನು?' ಎಂದು ನಕ್ಕಳು. ನಾನು ನಗಲಿಲ್ಲ. ಅವಳು ನನ್ನ ಮುಖ ನೋಡಿ ಪಕ್ಕದ ಕುರ್ಚಿ ಎಳೆದಳು. 'ಕುಂಡ್ರು. ಎಲ್ಲಿ ನುಂಗೇತಿ ಅಂತ ಬಾಯಿ ತಗಿಸಿ ನೋಡೂಣು.'

ಮೊದಲು ಶಿರಹಟ್ಟಿಯ ಮೊಬೈಲಿನಿಂದ ಬಂದ ಸಾಲುಗಳನ್ನು ತೆಗೆದಳು. ಇದ್ದವು, ಬೇಕಾದಷ್ಟಿದ್ದವು. ನನಗೆ ಒಂದು ಕಡೆ ಜೀವ ಬಂತು, ಇನ್ನೊಂದು ಕಡೆ ಒಳಗೊಳಗೇ ಒಂದು ಹಬ್ಬ ಶುರುವಾಯಿತು. ತಪ್ಪು ಅಲ್ಲಿನ ಹೆಂಗಸರದಲ್ಲ, ಇವಳದು!

'ಅಂದ್ರ ಡೇಟಾ ಐತಿ, ಚಾರ್ಟ್ ತೋರಸವಲ್ತು,' ಎಂದಳು. ಚಾರ್ಟಿನ ಹಿಂದೆ ಒಂದು ಸಾಲು ಬರೆದಿರುತ್ತಾರಂತೆ, ಅದಕ್ಕೆ ಎಕ್ಸ್‌ಪ್ರೆಶನ್ ಅನ್ನುತ್ತಾರೆ. ಏನನ್ನು ಕೂಡಿಸಬೇಕು, ಯಾವ ದಿನದಿಂದ ಯಾವ ದಿನದವರೆಗೆ ಕೂಡಿಸಬೇಕು ಎಂದು ಅದರಲ್ಲಿ ಇರುತ್ತದೆ. 'ಈ ದಿನದ್ದು ಏನೈತಲ್ಲ, ಅದು ಡೇಟ್ ಫಿಲ್ಟರ್. ಹಿಟ್ಟಿನ ಸಾಣಗಿ ಅಂತ ತಿಳಕೋ. ಬ್ಯಾಡಾದ ದಿನ ಮ್ಯಾಲೆ ಉಳೀತಾವು, ಬೇಕಾದ್ದು ಕೆಳಗ ಬೀಳ್ತಾವು.'

'ನಿನ್ನ ಸಾಣಗಿ ಹಿಟ್ಟ ಮ್ಯಾಲೆ ಇಟಗೊಂಡು ತೌಡ ಬೀಳಿಸೇತಿ.'

'ಇರ್ಲಿ ತಡಿ.' ಅವಳು ಆ ಫಿಲ್ಟರನ್ನು ತೆಗೆದು ನೋಡಿದಳು. ನೀಲಿ ಬಾರ್ ದಡಕ್ಕನೆ ಎದ್ದು ನಿಂತಿತು! ಮತ್ತೆ ಹಾಕಿದಳು, ಮಲಗಿತು. ತೆಗೆದರೆ ಏಳುತ್ತಿತ್ತು, ಹಾಕಿದರೆ ಮಲಗುತ್ತಿತ್ತು. ಅವಳ ಮುಖದ ಮೇಲಿನ ಆ ಕಾನ್ವೆಂಟ್ ಕಾಲದ ಸಮಾಧಾನ ಸ್ವಲ್ಪ ಅಲ್ಲಾಡಿದ್ದನ್ನು ನಾನು ನೋಡಿದೆ. ಬಹಳ ಚಂದ ಕಂಡಿತು.

ಆಮೇಲೆ ಅವಳು ಒಂದೊಂದೇ ಅನುಮಾನ ಪರಿಹರಿಸಿಕೊಳ್ಳುತ್ತ ಹೋದಳು. ದಿನ ಮೊದಲು ತಿಂಗಳು ಆಮೇಲೆ ಎಂದು ನಾವು ಬರೆದಿದ್ದನ್ನು ಕಂಪ್ಯೂಟರು ಅಮೆರಿಕದವರ ಹಾಗೆ ಹಿಂದುಮುಂದಾಗಿ ಓದಿದೆಯೋ ಎಂದು, ಖಾಲಿ ಚೌಕದಲ್ಲಿ ಆ ಕೊನೆಯ ದಿನವೊಂದನ್ನೇ ಬರೆಸಿ ನೋಡಿದಳು. ಸರಿಯಾಗೇ ಬಂತು. ಬೇರೆಲ್ಲೋ ತಿಂಗಳನ್ನು ಆರಿಸಿ ಬಿಟ್ಟಿದ್ದರೆ ಅದೂ ಬಂದು ಅಡ್ಡ ಹಾಕುತ್ತದಂತೆ, ಅದನ್ನೂ ಅಳಿಸಿದಳು. ಬಾರ್ ಮಲಗಿಯೇ ಇತ್ತು. ಚಹಾ ಬಂತು, ಆರಿತು. ಅವಳು ನನ್ನನ್ನು ಮರೆತೇಬಿಟ್ಟಿದ್ದಳು. ತುಟಿ ಕಚ್ಚಿಕೊಂಡು, ಹುಡುಗಿಯ ಹಾಗೆ ಒಂದು ಕಾಲು ಕುರ್ಚಿಯ ಮೇಲೆ ಮಡಚಿ ಕೂತಿದ್ದಳು. ಶಾಲೆಯ ಕೆಲಸ ಬಿಟ್ಟ ಮೇಲೆ ನಾನು ಯಾವುದರ ಮುಂದೆಯಾದರೂ ಹಾಗೆ ಕೂತಿದ್ದೇನೆಯೇ? ನನ್ನ ಹೊಟ್ಟೆಕಿಚ್ಚು ಬಾರ್‌ಗಳಿಂದ ಜಾರಿ ಅವಳ ಆ ಮಡಚಿದ ಕಾಲಿನ ಮೇಲೆ ಹೋಗಿ ಕೂತಿತು.

'ಯಾವ ಸಾಲು ಲೆಕ್ಕದಿಂದ ಉದುರ್ತಾವು, ಅವನ್ನಷ್ಟ ತೋರಸು,' ಎಂದೆ.

ತೋರಿಸಿದಳು. ಉದುರಿದ್ದವೆಲ್ಲ ಒಂದೇ ದಿನದವು. ರೊಟ್ಟಿ ಹಬ್ಬದ ದಿನದವು. ಲಕ್ಷ್ಮೇಶ್ವರ, ಮುಂಡರಗಿಯ ಆ ದಿನದ ಸಾಲುಗಳೂ ಉದುರಿದ್ದವು, ಆದರೆ ಅವರದು ಆ ದಿನ ಇದ್ದದ್ದೇ ಚೂರು, ಯಾರಿಗೂ ಗೊತ್ತಾಗಿರಲಿಲ್ಲ. ಶಿರಹಟ್ಟಿಯದು ಇಡೀ ಹಂಗಾಮೇ ಆ ಒಂದು ದಿನ.

'ಹಬ್ಬದ ದಿನಾನ ಬಿಟ್ಟೀಯಲ್ಲ ತಂಗಿ! ಪುಣೇದಾಗ ಪಂಚಮಿ ಇಲ್ಲೇನು?'

'ಬಿಟ್ಟಿಲ್ಲs! ಲೆಸ್ ದ್ಯಾನ್ ಆರ್ ಈಕ್ವಲ್ ಟು ಅಂತ ಹಾಕೀನಿ. ಈಕ್ವಲ್ ಟು ಅಂದ್ರ ಆ ದಿನಾನೂ ಬಂತು. ನೋಡಿಲ್ಲೆ.' ಅವಳ ದನಿ ಏರಿತು. ಅವಳ ದನಿ ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

'ಬಂದಿದ್ರ ಎಲ್ಲೈತಿ?'

ಅವಳು ಪರದೆಗೆ ಮುಖ ಹತ್ತಿರ ತಂದಳು. ಆಮೇಲೆ ಆ ಸಾಲುಗಳ ತಾರೀಖನ್ನು ತಾರೀಖಿನ ಹಾಗಲ್ಲದೆ ಬರೀ ಅಂಕಿಯ ಹಾಗೆ ತೋರಿಸೆಂದು ಕಂಪ್ಯೂಟರಿಗೆ ಹೇಳಿದಳು. ಫಿಲ್ಟರಿನಲ್ಲಿ ಕೊಟ್ಟ ಕೊನೆಯ ಮೇರೆ, ಅಂದರೆ ಹಬ್ಬದ ದಿನ, ಒಂದು ಪೂರ್ಣಾಂಕವಾಗಿ ಬಂತು. ಶಿರಹಟ್ಟಿಯ ಸಾಲುಗಳಲ್ಲಿ ಅದೇ ಅಂಕಿ, ಆದರೆ ಅದರ ಮುಂದೆ ಪಾಯಿಂಟು, ಪಾಯಿಂಟಿನ ಮುಂದೆ ಇನ್ನಷ್ಟು ಅಂಕಿಗಳ ಬಾಲ.

'ಅಯ್ಯ ಶಿವನ,' ಎಂದು ಹಣೆ ಬಡಿದುಕೊಂಡಳು. 'ಇದರಾಗ ಹೊತ್ತು ಐತಿ. ಕಂಪ್ಯೂಟರಿಗೆ ದಿನ ಅಂದ್ರ ಒಂದು ನಂಬರ್, ಹೊತ್ತು ಅಂದ್ರ ಆ ನಂಬರಿನ ಚೂರು. ಮುಂಜಾನಿ ಆರಕ್ಕ ಒತ್ತಿದ್ರ ದಿನದ ಮ್ಯಾಲೆ ಪಾವು, ಕಾಲು ಭಾಗ, ಆತು. ನಾ ಕೊಟ್ಟ ಮೇರೆ ಹಬ್ಬದ ದಿನ ಹುಟ್ಟೂ ನಟ್ಟ ನಡುರಾತ್ರಿ. ಅದಕ್ಕಿಂತ ಒಂದು ಗಳಿಗಿ ಆಮ್ಯಾಲೆ ಒತ್ತಿದ್ರೂ ಅದು ಹೆಚ್ಚಾತು. ಆ ದಿನದೊಳಗ ಬರಬೇಕಂದ್ರ ನಿನ್ನ ಮಂದಿ ಹನ್ನೆರಡು ಹೊಡಿಯೂ ಹೊತ್ತಿನ್ಯಾಗ ರೊಟ್ಟಿ ಕಳಸಬೇಕಾಗಿತ್ತು.'

'ದೆವ್ವಗೋಳು ತಿನ್ನಾಕೇನು?'

ಆಗ ನನಗೂ ನಗು ಬಂತು, ತಡೆದುಕೊಂಡೆ. ಟೇಬಲಿನಲ್ಲಿ ವೇಳೆ ಕಾಣಿಸಿದ್ದರೆ ನನ್ನಂಥವಳಿಗೂ ಏನೋ ಹೊಳೆಯುತ್ತಿತ್ತಲ್ಲ, ಅದು ಯಾಕೆ ಕಾಣಿಸಲಿಲ್ಲ ಎಂದು ಕೇಳಿದೆ. ಅವಳು ಹೇಳಿದಳು, 'ನಾನs ಮುಚ್ಚಿದ್ದೆ. ನೀಟ್ ಕಾಣ್ಲಿ ಅಂತ.'

ಕೊನೆಯ ಆ ಸಮಚಿಹ್ನೆಯನ್ನು ತೆಗೆದು, 'ಹಬ್ಬದ ಮರುದಿನಕ್ಕಿಂತ ಕಡಿಮೆ' ಎಂದು ತಿದ್ದಿದಳು. ನೀಲಿ ಬಾರ್ ಎದ್ದಿತು. ಹಸಿರನ್ನು ದಾಟಿ ಹೋಗಿ ಕಿತ್ತಳೆಯ ಭುಜಕ್ಕೆ ಭುಜ ಕೊಟ್ಟು ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಮುಖ ತಿರುಗಿಸಿ ಚಹಾದ ಕಪ್ಪುಗಳನ್ನು ಒಳಗೆ ಒಯ್ದೆ.

ಆ ಸೋಮವಾರಕ್ಕಾಗಿ ನಾನು ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದೆ. ಇನ್ನೊಬ್ಬರು ಸೋಲುವುದನ್ನು ನೋಡಲು ಹೋಗುವವರು ಹಾಗೇ ಹೋಗುತ್ತಾರೆ, ತಾವು ಸಾಧಾರಣವಾಗಿದ್ದೇವೆ ಎಂಬ ಮುಖ ಮಾಡಿಕೊಂಡು. ಗೆಳತಿ ಹಳೆಯ ಚಾರ್ಟ್ ತೋರಿಸಿದಳು, ಹೊಸದು ತೋರಿಸಿದಳು. ತಪ್ಪು ಎಲ್ಲಿತ್ತು ಎಂದು ಬಿಡಿಸಿ ಹೇಳಿದಳು. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು.

'ಅಬ್ಬಾ, ಕೂದಲಿನಷ್ಟ ಸಂದಿನ್ಯಾಗಿನ ತಪ್ಪು! ಹುಡುಕಿದ್ರಲ್ಲ ಬಾಯಾರ, ಭಾಳ ಶ್ಯಾಣ್ಯಾರು ನೀವು.'

ಮಾಡಿದವಳೇ ಅವಳು! ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದು, 'ನಾ ಅಲ್ರಿ. ತಪ್ಪು ನಂದs. ಹಬ್ಬದ ದಿನ ಉದುರೇತಿ ಅಂತ ಮೊದಲ ಹಿಡದಾಕಿ ಈಕಿ' ಎಂದು ನನ್ನ ಕಡೆ ಕೈ ತೋರಿಸಿದಳು.

ಅಧ್ಯಕ್ಷರು ನನ್ನ ಕಡೆ ನೋಡಲೇ ಇಲ್ಲ. 'ನೋಡ್ರವಾ, ಎಷ್ಟ ದೊಡ್ಡ ಮನಸು! ತಾನು ಮಾಡಿದ್ದನ್ನ ಇನ್ನೊಬ್ಬರ ಹೆಸರಿಗೆ ಹಚ್ಚತಾರ,' ಎಂದರು. ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಗೈ ಉರಿಯುವ ಹಾಗೆ ತಟ್ಟಿದೆ. ಶಿರಹಟ್ಟಿ ಉಳಿಯಿತು.

ಹಿಂದಿರುಗುವಾಗ ಅವಳು, 'ಅವರಿಗೆ ತಿಳೀಲಿಲ್ಲ ಬಿಡು, ನಾ ಮತ್ತ ಹೇಳ್ತೀನಿ' ಎಂದಳು.

'ಬ್ಯಾಡ,' ಎಂದೆ. ಮತ್ತೆ ಹೇಳಿದ್ದರೆ ಮತ್ತಷ್ಟು ದೊಡ್ಡ ಮನಸ್ಸು ಆಗುತ್ತಿತ್ತು.

ಸಂಕ್ರಾಂತಿಗೆ ಮಗಳ ಮನೆಗೆಂದು ಪುಣೆಗೆ ಹೋದ ಗೆಳತಿ ಅಲ್ಲಿಂದ ಬರಲಿಲ್ಲ. ಯುಗಾದಿ ಬರುವ ಮೊದಲೇ ಮಗಳ ಫೋನು ಬಂತು. ಹೃದಯ ನಿಂತಿತು, ನಿದ್ದೆಯಲ್ಲಿ, ನೋವಾಗಲಿಲ್ಲ ಎಂದಳು. ಅದರಲ್ಲೂ ನೀಟ್, ಎಂದು ನಾನು ಫೋನ್ ಇಟ್ಟ ಮೇಲೆ ಗೋಡೆಗೆ ಹೇಳಿದೆ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಎಳ್ಳಮಾಸಿಯ ಮುಂಚೆ. ಹೊಲಕ್ಕೆ ಬುತ್ತಿ ಒಯ್ಯುವವರಿಗೆ ಸಜ್ಜೆ ರೊಟ್ಟಿಯ ಆರ್ಡರ್ ಬಂದಿತ್ತು. ಹೊಸ ಪಾಕೀಟು ಚೀಲಗಳನ್ನು ಕೊಟ್ಟು ಬರೋಣವೆಂದು ನಾನು ಶಿರಹಟ್ಟಿಯ ಬಸ್ಸು ಹತ್ತಿದ್ದೆ. ಮಲ್ಲಸಮುದ್ರ ದಾಟುವಾಗ ಎರಡೂ ಕಡೆ ಜೋಳ ತೆನೆಗಟ್ಟಿತ್ತು, ಮನಸ್ಸು ಹಗುರಾಗಿತ್ತು. ಅವಳಿಗೆ ಹೇಳಿರಲಿಲ್ಲ. ಅವಳೂ ನನಗೆ ಹೇಳಿರಲಿಲ್ಲ.

ಅಡುಗೆಮನೆಯ ಬಾಗಿಲಿಗೆ ಬಂದರೆ ಒಳಗೆ ನಗೆಯೋ ನಗೆ. ಒಲೆಯ ಮುಂದೆ ಮಣೆಯ ಮೇಲೆ ಅವಳು ಕೂತಿದ್ದಳು. ಸೆರಗು ಸೊಂಟಕ್ಕೆ ಸಿಗಿಸಿಕೊಂಡಿದ್ದಳು, ಮೊಣಕೈವರೆಗೆ ಹಿಟ್ಟು, ಮೂಗಿನ ತುದಿಯ ಮೇಲೂ ಹಿಟ್ಟು. ಮುದುಕಿ ಅವಳು ತಟ್ಟಿದ ರೊಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದಳು.

'ಏನಂತ ಕರಿಯೂಣ್ರಿ ಇದಕ್ಕ ಬಾಯಾರ? ರೊಟ್ಟಿಯೋ, ಗದಗ ಜಿಲ್ಲಾದ ನಕಾಶಿಯೋ?'

'ಮುಂಡರಗಿ ಕಡೆ ಹರದೇತಿ ನೋಡ್ರಿ,' ಎಂದಳು ಇನ್ನೊಬ್ಬಳು.

'ನಕ್ಕರ ನಗ್ರಿ. ಒಗೀಬ್ಯಾಡ್ರಿ ಮತ್ತ, ನಾ ತಿಂತೀನಿ,' ಎಂದು ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಷ್ಟರಲ್ಲಿ ನನ್ನನ್ನು ಕಂಡಳು. 'ಲೇ, ಬಾ ಬಾ. ಈ ಮಂದಿ ನನ್ನ ಮಾನ ಕಳೀತಾರ.'

ಹೆಂಗಸರು ದಡಬಡಿಸಿ ಎದ್ದರು. ಒಬ್ಬಳು ಒಳಗಿನಿಂದ ಕುರ್ಚಿ ತಂದಳು, ಸೆರಗಿನಿಂದ ಒರೆಸಿದಳು, 'ಕುಂಡ್ರಿ ಅಕ್ಕಾರ' ಎಂದಳು. ಪ್ರತಿ ಸಲವೂ ಹಾಗೇ ಮಾಡುತ್ತಿದ್ದರು. ಆ ಮನೆ ಹಿಡಿದಂದಿನಿಂದ ನಾನು ಅಲ್ಲಿ ಕುರ್ಚಿಯ ಮೇಲೇ ಕೂತಿದ್ದೇನೆ, ಅದು ಗೌರವ ಎಂದು ತಿಳಿದಿದ್ದೇನೆ. ಅವಳಿಗೆ ಮಣೆ ಕೊಟ್ಟಿದ್ದರು.

ಕೂತೆ. ಹರಿದ ಆ ರೊಟ್ಟಿಯ ಒಂದು ಚೂರಿಗೆ ಕೆಂಪು ಚಟ್ನಿ ಹಚ್ಚಿ ಅವಳು ನನ್ನ ಕೈಗೆ ಕೊಟ್ಟಳು. ಬಿಸಿ ಇತ್ತು, ಚಲೋ ಬೆಂದಿತ್ತು. ಚೀಲಗಳನ್ನು ಒಪ್ಪಿಸಿದೆ. ಆರ್ಡರ್ ಬಗ್ಗೆ ಎರಡು ಮಾತು ಹೇಳಿದೆ, ಎಲ್ಲರೂ ಕೈಕಟ್ಟಿ ಕೇಳಿದರು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

'ಬರ್ತೀಯೇನು, ಕೂಡೇ ಹೋಗೂಣು?' ಎಂದೆ.

'ನೀ ನಡಿ. ಒಂದರೆ ರೊಟ್ಟಿ ಗುಂಡಗ ಬರ್ಲಿ, ಆಮ್ಯಾಲೆ ಬರ್ತೀನಿ.'

ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡಿದೆ. ಅವಳು ಬೆನ್ನು ಬಾಗಿಸಿ ಹೊಸ ಹಿಟ್ಟಿನ ಮುದ್ದೆ ಕೈಗೆ ತೆಗೆದುಕೊಂಡಿದ್ದಳು. ಮುದುಕಿ ಅವಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಅವಳ ಮಣಿಕಟ್ಟನ್ನು ತನ್ನ ಕೈಯಲ್ಲಿ ಹಿಡಿದು, ಹೀಗೆ, ಹೀಗೆ ಎಂದು ತಿರುಗಿಸುತ್ತಿದ್ದಳು. ಅವಳು ತಲೆ ಎತ್ತುವವರೆಗೆ ನಾನು ನಿಲ್ಲಲಿಲ್ಲ.